ತೊಟ್ಟಿಲ ಕೊಂಡಿಯ ಸೂರ್ಯ

ಅಪ್ಪಣ್ಣ ಹಾರಗೆ ಯಾರ ಮಾತಿಗೂ ಇಲ್ಲವೆಂದವನಲ್ಲ. ಇಲ್ಲವೆನ್ನಬೇಕಾದ ಕಡೆ ಅವನು ತಲೆಯಾಡಿಸುತ್ತಿದ್ದ. ಆ ತಲೆಯಾಟ ಹೌದೋ ಅಲ್ಲವೋ ಎಂಬುದನ್ನು ಎದುರಿಗಿದ್ದವರು ತಮಗೆ ಅನುಕೂಲವಾದಂತೆ ತಿಳಿದುಕೊಂಡು ಎದ್ದುಹೋಗುತ್ತಿದ್ದರು. ಮಿರಜ ಪೇಟೆಯ ಹಿಂದಿನ ಗಲ್ಲಿಯಲ್ಲಿ ಹಗ್ಗ, ಜರಡಿ, ಮೊರ ಮಾರುವ ಅಂಗಡಿಯನ್ನು ತಂದೆಯ ನಂತರ ಅವನು ಇದೊಂದರ ಬಲದಿಂದಲೇ ನಡೆಸಿಕೊಂಡು ಬಂದಿದ್ದ. ಅಂಥ ಮನುಷ್ಯ ಒಂದು ದಿನ ಸೂರ್ಯನನ್ನು ಕೊಂಡು ತಂದ.

ಕಾರಣ ಅವನ ತಾಯಿ ನೀಲಗಂಗವ್ವ. ಅಂಗಡಿಯ ಹಿಂದೆಯೇ ಮನೆ, ಮನೆಯ ನಡುಕೋಣೆಯಲ್ಲಿ ಅವಳ ಮಂಚ. ಸಂಕ್ರಾಂತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡವಳು ಮತ್ತೆ ಎದ್ದಿರಲಿಲ್ಲ. ಹೆಜ್ಜೆಗೊಂದು ದವಾಖಾನೆಯಿರುವ ಮಿರಜಿನಲ್ಲಿ, ಈ ವಯಸ್ಸಿಗೆ ಆಪರೇಶನ್ ಬೇಡ ಎನ್ನುವ ಡಾಕ್ಟರು ಸಿಗುವವರೆಗೂ ಅವಳು ಡಾಕ್ಟರನ್ನು ಬದಲಿಸುತ್ತಲೇ ಹೋಗಿದ್ದಳು.

ನೀಲಗಂಗವ್ವನಿಗೆ ಒಂದು ನೇಮವಿತ್ತು. ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ತಾನೇ ಬೆಳೆಸಿದ ಗಿಡದಿಂದ ತಾನೇ ಹರಿದ ಒಂದು ಬಿಲ್ವಪತ್ರೆಯನ್ನು ಏರಿಸಬೇಕು. ಆಮೇಲೆ ಊಟ. ಪತ್ರೆಯಿಲ್ಲದಿದ್ದರೆ ಆ ದಿನ ನೀರು ಮಾತ್ರ. ಅವಳು ಹಾಸಿಗೆ ಹಿಡಿದ ಮೇಲೆ ಹಿತ್ತಲಲ್ಲಿದ್ದ ಕುಂಡವನ್ನು ಎಳೆದು ತಂದು ಮಂಚದ ಕಾಲ್ದೆಸೆಯ ಮೂಲೆಯಲ್ಲಿ ಇಟ್ಟರು. ಪೂಜೆಯ ಹೊತ್ತಿಗೆ ಅವಳನ್ನು ದಿಂಬಿಗೊರಗಿಸಿ ಕೂಡಿಸಿ, ಕುಂಡವನ್ನು ಅವಳ ಕೈಗೆ ಎಟಕುವಂತೆ ಸರಿಸುತ್ತಿದ್ದರು. ಆ ಕೋಣೆಗೆ ಒಂದೇ ಕಿಟಕಿ. ನೆರೆಮನೆಯ ಮಾಣಿಕಬಾಯಿಯ ಮಗ ಮೂರನೆಯ ಮಾಳಿಗೆ ಏರಿಸಿದಂದಿನಿಂದ ಆ ಕಿಟಕಿಗೆ ಕಾಣುತ್ತಿದ್ದುದು ಅವರ ಬಚ್ಚಲಿನ ಗೋಡೆ; ಹಿತ್ತಲಿಗೂ ಅದರದೇ ನೆರಳು. ಗಿಡವನ್ನು ಅಂಗಡಿಯ ಮುಂದೆ ಬಿಸಿಲಿಗಿಟ್ಟು ನೋಡಿದರು. ಮೊದಲ ದಿನವೇ ಪೇಟೆಯ ಆಡೊಂದು ಅದರ ಒಂದು ಮಗ್ಗುಲನ್ನು ಮುಗಿಸಿತು. ಕೋಣೆಯೊಳಗೆ ಉಳಿದ ಎಲೆಗಳು ಹಳದಿಯಾಗಿ ಉದುರತೊಡಗಿದವು. ಒಂದು ಎಲೆ ಎಂದರೆ ಒಂದು ಊಟ. ಗಿಡದಲ್ಲಿ ಎಷ್ಟು ಎಲೆಯೋ ಮುದುಕಿಗೆ ಅಷ್ಟೇ ದಿನದ ಅನ್ನ.

ಅಪ್ಪಣ್ಣ ಮೊದಲು ಮಾಡಿದ್ದು ಒಂದು ಸಣ್ಣ ಮೋಸ. ಗುಡಿಯ ಮರದಿಂದ ಪತ್ರೆ ತಂದು, ತಾಯಿ ಮಲಗಿದ್ದಾಗ ಈ ಗಿಡದ ಕಡ್ಡಿಗಳಿಗೆ ಕಟ್ಟಿದ. ಮರುದಿನ ನೀಲಗಂಗವ್ವ ಗಿಡದತ್ತ ಕೈಚಾಚಿ ಒಂದನ್ನು ಹರಿದು ಕಣ್ಣಿನ ಹತ್ತಿರ ಹಿಡಿದಳು.

“ಏ ಅಪ್ಪಣ್ಣ, ಪತ್ರಿಗಿಡ ನೂಲು ಬಿಡಾಕ ಯಾವಾಗ ಸುರು ಮಾಡೇತೋ?”

ಅಪ್ಪಣ್ಣ ತಲೆಯಾಡಿಸಿದ.

“ಅದೂ ಕೌದಿ ಹೊಲಿಯೂ ನೂಲು,” ಎಂದು ಎಲೆಯನ್ನು ಪಕ್ಕಕ್ಕಿಟ್ಟು ಅವಳು ಗೋಡೆಯ ಕಡೆ ಹೊರಳಿದಳು. ಆ ದಿನ ನೀರು.

ಕಾರಖಾನೆಗಳಿರುವ ಕುಪವಾಡ ಎಂಐಡಿಸಿಯಲ್ಲಿ ಪರಿಚಯದ ಅಜಿತನೆಂಬವನು ನರ್ಸರಿಗಳಿಗೆ ಗಿಡ ಬೆಳೆಸುವ ಎಲ್ಇಡಿ ಲೈಟು ಮಾಡಿ ಮಾರುತ್ತಿದ್ದ. ಅಪ್ಪಣ್ಣ ಅಲ್ಲಿಗೆ ಹೋದ.

“ಕಾಕಾ, ಚೊಲೋತ್ನ್ಯಾಗ ಕೇಳ್ರಿ,” ಎಂದ ಅಜಿತ. “ಲೈಟ್ ಗಿಡದ ನೆತ್ತಿ ಮ್ಯಾಲೇ ಬರಬೇಕು. ಮೊಳದಷ್ಟು ಎತ್ತರ. ಭಾಳ ಹತ್ರ ಆದ್ರ ಎಲಿ ಸುಡತೈತಿ, ಭಾಳ ದೂರ ಆದ್ರ ಗಿಡ ಬಡಕಲಾಗಿ ಉದ್ದ ಹೋಗತೈತಿ. ಬಾಜೂಕ ಅಂತೂ ಕಟ್ಟಬ್ಯಾಡ್ರಿ, ಗಿಡ ಅದರ ಕಡೀಗಿ ವಾಲತೈತಿ. ರಾತ್ರಿ ಬಂದ್ ಮಾಡ್ರಿ, ಗಿಡಕ್ಕೂ ನಿದ್ದಿ ಬೇಕು. ತಿಳೀತಲ್ಲ?”

ಅಪ್ಪಣ್ಣ ತಲೆಯಾಡಿಸಿದ.

“ಏನ್ ತಿಳೀತು, ಹೇಳ್ರಿ ನೋಡೂಣು.”

“ನಿದ್ದಿ ಬೇಕು,” ಎಂದ ಅಪ್ಪಣ್ಣ.

ಡಬ್ಬಿಯನ್ನು ಎದೆಗವಚಿಕೊಂಡು ಗಲ್ಲಿಗೆ ಬಂದಾಗ ಮಾಣಿಕಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಕಟ್ಟೆಯ ಮೇಲಿದ್ದಾಗ ಗಲ್ಲಿಯೊಳಗೆ ಉತ್ತರ ಕೊಡದೆ ಏನನ್ನೂ ಒಯ್ಯುವಂತಿರಲಿಲ್ಲ.

“ಕಾಯ್ ಅಪ್ಪಣ್ಣ, ಡಬ್ಬ್ಯಾಗ ಏನ್ ತಂದಿ?”

ಜೀವನದಲ್ಲಿ ಒಮ್ಮೆಯಾದರೂ ದೊಡ್ಡ ಮಾತಾಡಬೇಕೆಂದು ಮನುಷ್ಯನಿಗೆ ಅನಿಸುತ್ತದೆ. ಅಪ್ಪಣ್ಣನಿಗೆ ಅನಿಸಿದ್ದು ಆಗ. “ಸೂರ್ಯ,” ಎಂದ.

“ನಮ್ಮ ಗ್ವಾಡಿ ಬಿಸಿಲಿಗಿ ಅಡ್ಡ ಬಂದೈತಿ ಅಂತ ಚುಚ್ಚಿ ಟೋಮಣಾ ಹೊಡೀತಿಯೇನು?” ಎಂದು ಅವಳು ಸೆರಗು ಕೊಡವಿ ಎದ್ದಳು.

ಮನೆಯೊಳಗೆ ಸೂರ್ಯನನ್ನು ತೂಗುಹಾಕಲು ಜಾಗವಿರಲಿಲ್ಲ. ಮಣ್ಣಿನ ಹಳೆಯ ಮಾಳಿಗೆ. ಗಿಡದ ನೆತ್ತಿಯ ಮೇಲೆ ಮೊಳೆ ಹೊಡೆಯಲು ಅಪ್ಪಣ್ಣ ಏಣಿ ಹತ್ತಿದಾಗ ಮೊದಲ ಪೆಟ್ಟಿಗೇ ಅರ್ಧ ಬುಟ್ಟಿ ಮಣ್ಣು ಉದುರಿತು.

“ಅಹೋ, ಇಳೀರಿ ಕೆಳಗ!” ಎಂದಳು ಹೆಂಡತಿ ಛಾಯಾ. “ಇನ್ನೊಂದು ಪೆಟ್ಟು ಹಾಕಿದ್ರ ಗಿಡಕ್ಕೂ ಅತ್ತಿಗೂ ಒಂದ ಕಡೆ ಮಣ್ಣ ಕೊಟ್ಟಂಗ ಆಗತೈತಿ.”

ತೊಲೆಯಲ್ಲಿ ಒಂದೇ ಒಂದು ಗಟ್ಟಿ ಕೊಂಡಿಯಿತ್ತು. ಅಪ್ಪಣ್ಣ ಹುಟ್ಟಿದಾಗ ತೊಟ್ಟಿಲು ಕಟ್ಟಿದ ಕಬ್ಬಿಣದ ಕೊಂಡಿ. ಅದು ಸರಿಯಾಗಿ ತಾಯಿಯ ಮಂಚದ ಮೇಲಿತ್ತು. ಮಂಚ ಸರಿಸಿ ಅಲ್ಲಿ ಗಿಡ ಇಡೋಣವೆಂದರೆ, ಆ ಇಕ್ಕಟ್ಟಿನಲ್ಲಿ ಮಂಚವನ್ನು ಹೇಗೆ ತಿರುಗಿಸಿದರೂ ಮುದುಕಿಯ ತಲೆ ಉತ್ತರಕ್ಕೆ ಬರುತ್ತಿತ್ತು. ಬದುಕಿದ್ದವರನ್ನು ಯಾರೂ ಉತ್ತರಕ್ಕೆ ತಲೆಯಿಟ್ಟು ಮಲಗಿಸುವುದಿಲ್ಲ. ಹೀಗಾಗಿ ಲೈಟನ್ನು ತೊಟ್ಟಿಲ ಕೊಂಡಿಗೇ ಕಟ್ಟಿ, ಅದರ ಮುಖವನ್ನು ಮೂಲೆಯ ಗಿಡದ ಕಡೆ ತುಸು ಓರೆ ಮಾಡಿದ. ಸೂರ್ಯನೂ ಮುಂಜಾನೆ ಸಂಜೆ ಬಾಜೂಕ್ಕೇ ಇರುತ್ತಾನಲ್ಲ ಎಂಬುದು ಅವನ ತರ್ಕ. ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ತಪ್ಪು ಹುಡುಕಿದ್ದು ಗಿಡ.

ಬಟನ್ ಒತ್ತಿದಾಗ ಕೋಣೆಯೆಲ್ಲ ನೇರಳೆಯಾಯಿತು. ನೀಲಗಂಗವ್ವ ತನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

“ಏನೋ ಇದು? ನಾ ಬದನಿಕಾಯಿ ಆಗೇನಿ.”

ಆದರೆ ಯುಗಾದಿಯ ಹೊತ್ತಿಗೆ ಬಿಲ್ವ ಚಿಗುರಿತು. ದಿನಕ್ಕೊಂದು ಪತ್ರೆ, ದಿನಕ್ಕೊಂದು ಊಟ. ಮನೆಯಲ್ಲಿ ಯಾರೂ ಏನೂ ಮಾತಾಡದ, ಮಾತಾಡುವ ಅಗತ್ಯವೂ ಇಲ್ಲದ ಕೆಲವು ವಾರಗಳು ಕಳೆದವು. ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಗಿಡ ವಾಲತೊಡಗಿತು.

ಅದನ್ನು ಮೊದಲು ನೋಡಿದವಳು ಮಾಣಿಕಬಾಯಿ. ನಿಮ್ಮ ನೇರಳೆ ಬೆಳಕು ನಮ್ಮ ಬಚ್ಚಲಿಗೆ ಬೀಳುತ್ತದೆ ಎಂದು ಜಗಳವಾಡಲು ಬಂದಿದ್ದಳು. ಕೋಣೆಯ ಬಾಗಿಲಲ್ಲಿ ನಿಂತವಳ ಬಾಯಿಂದ ಜಗಳ ಹೊರಡಲಿಲ್ಲ. ಮಂಚದ ಮೇಲೆ ನೇರಳೆ ಪ್ರಭೆಯಲ್ಲಿ ನೀಲಗಂಗವ್ವ ಕಣ್ಣುಮುಚ್ಚಿ ಲಿಂಗ ಹಿಡಿದು ಕೂತಿದ್ದಳು. ಗಿಡದ ಹೊಸ ಚಿಗುರೆಲ್ಲ ಒಂದೇ ಕಡೆ ಬಾಗಿ, ತುದಿಗಳು ಅವಳ ಪಾದದವರೆಗೂ ಚಾಚಿದ್ದವು.

“ಅಗಂ ಬಾಈ! ಪತ್ರಿಗಿಡ ಅವ್ವಗ ಶರಣು ಮಾಡಾಕತ್ತೈತಿ!”

“ಅದು ಲೈಟಿಗಿ ವಾಲೇತ್ರಿ, ಮಾವಶಿ,” ಎಂದ ಅಪ್ಪಣ್ಣ.

“ಲೈಟ್ ನಮ್ಮ ಮನ್ಯಾಗಿಲ್ಲೇನು? ನಮ್ಮ ತುಳಸಿ ಯಾಕ ಟ್ಯೂಬಲೈಟಿಗಿ ಬಾಗೂದಿಲ್ಲ?”

ಅಪ್ಪಣ್ಣ ತಲೆಯಾಡಿಸಿದ.

“ನೋಡ್ರಿ, ಮಗನೂ ಹೂಂ ಅಂದ!” ಎಂದು ಅವಳು ಬೀದಿಗೆ ಕೇಳುವಂತೆ ಸಾರಿ, ಮಂಡಿನೋವಿಗೆಂದು ಒಂದು ಪತ್ರೆ ಹರಿದುಕೊಂಡು ಹೋದಳು.

ಮರುದಿನ ರಾಚಯ್ಯ ಮಠಪತಿ ಬಂದರು. ಪೇಟೆಯ ಲಿಂಗಾಯತರ ಮನೆಗಳಲ್ಲಿ ಹೆಸರಿಡುವುದರಿಂದ ಹಿಡಿದು ಮಣ್ಣುಕೊಡುವವರೆಗೂ ಎಲ್ಲ ಮಾಡಿಸುವ ಸ್ವಾಮಿಗಳು ಅವರು. ಗಿಡವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಅಪ್ಪಣ್ಣ ಓಡಿಹೋಗಿ ಲೈಟಿನ ಡಬ್ಬಿಯನ್ನೇ ಸಾಕ್ಷಿಯಾಗಿ ತಂದು ಹಿಡಿದ. ಡಬ್ಬಿಯ ಮೇಲೆ ಬೆಳಕಿನ ಕೆಳಗೆ ಮೂರು ಎಲೆಗಳ ಚಿತ್ರವಿತ್ತು.

“ಡಬ್ಬಿ ಮ್ಯಾಲೂ ಪತ್ರಿ ಐತಲ್ಲೋ!” ಎಂದು ಸ್ವಾಮಿಗಳು ಡಬ್ಬಿಯನ್ನು ಹಣೆಗೊತ್ತಿಕೊಂಡರು. “ಅಪ್ಪಣ್ಣ, ಈ ಗಿಡ ಬಾಗಿದ್ದು ಬೆಳಕಿಗಲ್ಲಪಾ. ನಿಮ್ಮವ್ವನ ನೇಮಕ್ಕ. ಆ ಲೈಟ್ ಇದ್ದಲ್ಲೇ ಇರ್ಲಿ. ಸರಿಸಬ್ಯಾಡ, ಆರಿಸಬ್ಯಾಡ.”

ಅಂದಿನಿಂದ ಗಿಡಕ್ಕೆ ನಿದ್ದೆಯಿಲ್ಲ. ಮುದುಕಿಗೂ ಇಲ್ಲ.

ಜನ ಬರತೊಡಗಿದರು. ಮೊದಲು ಗಲ್ಲಿಯವರು, ಆಮೇಲೆ ಸಾಂಗ್ಲಿಯ ಬಜಾರದವರು, ಆಮೇಲೆ ದವಾಖಾನೆಗಳಿಗೆ ಬಂದ ಅಥಣಿ, ರಾಯಬಾಗ, ಜಮಖಂಡಿಯ ಕಡೆಯವರು. ಎಕ್ಸ್‌ರೇ ಲಕೋಟೆ ಕಂಕುಳಲ್ಲಿಟ್ಟುಕೊಂಡು ಅವರು ಹಗ್ಗದ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಒಳಗೆ ಹೋಗಿ ಪಾದಕ್ಕೆ ಬೀಳುತ್ತಿದ್ದರು, ಒಂದು ಪತ್ರೆ ಹರಿದು ರೋಗಿಯ ದಿಂಬಿನ ಕೆಳಗಿಡಲು ಒಯ್ಯುತ್ತಿದ್ದರು.

“ಕಾಲ ಮುಟ್ಟಬ್ಯಾಡ್ರಿ, ಸೊಂಟ ಮುರದೈತಿ,” ಎಂದು ನೀಲಗಂಗವ್ವ ನರಳುತ್ತಿದ್ದಳು.

“ಎಂಥಾ ನಿಗರ್ವ!” ಎಂದು ಜನ ಕಣ್ಣೊರೆಸಿಕೊಂಡು ಇನ್ನಷ್ಟು ಗಟ್ಟಿಯಾಗಿ ಪಾದ ಹಿಡಿಯುತ್ತಿದ್ದರು.

ಅಪ್ಪಣ್ಣ ಇದನ್ನೆಲ್ಲ ಆಗಲೇ ನಿಲ್ಲಿಸಬಹುದಿತ್ತು. ಸತ್ಯಕ್ಕೆ ಅಪಚಾರವಾಗದಂತೆ ಹೇಳುವುದಾದರೆ, ಅವನಿಗೆ ಅದು ಸ್ವಲ್ಪ ರುಚಿಸಿತ್ತು. “ಏ ಹಗ್ಗದ ಅಪ್ಪಣ್ಣ” ಎನ್ನುತ್ತಿದ್ದ ಪೇಟೆ ಈಗ “ಬರ್ರಿ ಅಪ್ಪಣ್ಣಾವ್ರ, ಕುಂದ್ರಿ” ಎನ್ನುತ್ತಿತ್ತು. ಅವನ ಹಣೆಯ ವಿಭೂತಿ ದಿನದಿಂದ ದಿನಕ್ಕೆ ದಪ್ಪವಾಗುತ್ತ ಬಂತು. ಅಂಗಡಿಯಲ್ಲಿ ಹಗ್ಗ ಅಳೆಯುವಾಗಲೂ ಅವನು ಕಣ್ಣನ್ನು ಅರ್ಧ ಮುಚ್ಚುವುದನ್ನು ಕಲಿತ.

ಒಳಗೆ ಎಲೆಗಳು ಕಡಿಮೆಯಾಗುತ್ತಿದ್ದವು.

“ಅಹೋ, ಬೋಲಾ ನಾ! ಮಾತಾಡ್ರಿ!” ಎಂದು ಛಾಯಾ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ತಡೆದು ನಿಲ್ಲಿಸಿದಳು. “ಊರಿಗೆಲ್ಲ ಪತ್ರಿ ಹಂಚಿದ್ರ ಅತ್ತಿ ಉಣ್ಣೂದು ಯಾವಾಗ? ಇದು ಬಲ್ಬ್ ಐತಿ, ಪವಾಡಲ್ಲ ಅಂತ ಒಂದ್ ಮಾತು ಹೇಳಾಕ ಬಾಯಿಲ್ಲೇನು?”

ಬಾಯಿತ್ತು, ಮಾತಿರಲಿಲ್ಲ. ತಾನು ಹೇಳಲಾರದ್ದನ್ನು ಸರಕಾರದ ಬಾಯಿಂದ ಹೇಳಿಸೋಣವೆಂದು ಅಪ್ಪಣ್ಣ ಯೋಚಿಸಿ, ಮನೆಯ ಮೇಲೆ ತಾನೇ ತಕರಾರು ಕೊಟ್ಟ. ವಾಯರಿಂಗ್ ಹಳೆಯದು, ಲೈಟು ಹಗಲು ರಾತ್ರಿ ಉರಿಯುತ್ತದೆ, ಬಂದು ತೆಗೆಸಬೇಕು ಎಂದು. ವಿದ್ಯುತ್ ಕಚೇರಿಯಿಂದ ಸುಶಾಂತನೆಂಬ ವಾಯರಮನ್ ಬಂದ. ಸಾಲನ್ನು ಸೀಳಿಕೊಂಡು ಒಳಗೆ ಹೋಗಿ, ಸ್ಟೂಲು ಹತ್ತಿ, ಕೊಂಡಿಯಲ್ಲಿ ನೇತಾಡುತ್ತಿದ್ದುದನ್ನು ಟಾರ್ಚು ಬಿಟ್ಟು ಪರೀಕ್ಷಿಸಿದ.

“ಇದು ಬಲ್ಬ್ ಐತಿ,” ಎಂದು ಸಾರಿದ.

ಅಪ್ಪಣ್ಣನ ಎದೆ ಹಗುರಾಯಿತು. ಕಡೆಗೂ ಒಬ್ಬ ಅಧಿಕಾರಿ!

“ಆದ್ರ ಒಂದ್ ಮಾತು,” ಎಂದು ಸುಶಾಂತ ಸ್ಟೂಲಿನ ಮೇಲಿಂದಲೇ ಮುಂದುವರಿಸಿದ. “ಈ ಗಲ್ಲಿ ಲೈನ್ ಮೊನ್ನೆ ನಾನೇ ಬಂದ್ ಮಾಡಿದ್ನಿ. ಎಲ್ಲಾರ ಮನ್ಯಾಗ ಕತ್ತಲ. ಈ ಕಿಡಕ್ಯಾಗ ಮಾತ್ರ ಬೆಳಕಿತ್ತು. ಕಣ್ಣಾರೆ ನೋಡೇನಿ.”

“ಇನ್ವರ್ಟರ್ ಐತ್ರಿ,” ಎಂದ ಅಪ್ಪಣ್ಣ. ಆದರೆ ಅಷ್ಟರಲ್ಲಿ ಜನರ ಜಯಘೋಷ ಎದ್ದಿತ್ತು. ಸುಶಾಂತ ಕೆಳಗಿಳಿದು, ಚಪ್ಪಲಿ ಹೊರಗಿಟ್ಟು ಬಂದು, ಕೊಲ್ಹಾಪುರಕ್ಕೆ ವರ್ಗವಾಗಲೆಂದು ಎರಡು ಪತ್ರೆ ಹರಿದುಕೊಂಡ.

ಶ್ರಾವಣ ಬಂದಾಗ ಗಿಡದಲ್ಲಿ ಒಂದೇ ಒಂದು ಪತ್ರೆ ಉಳಿಯಿತು. ಆ ಮುಂಜಾನೆ ಅಪ್ಪಣ್ಣ ಎರಡೂ ಕೈ ಚಾಚಿ ಬಾಗಿಲಲ್ಲಿ ನಿಂತ. ಇಲ್ಲ ಎನ್ನುವುದನ್ನು ಅವನು ಬಚ್ಚಲಲ್ಲಿ ಹಲವು ಸಲ ಅಂದು ನೋಡಿಕೊಂಡು ಬಂದಿದ್ದ. ಮೊದಲು ಬಂದವಳು ರಾಯಬಾಗದ ಕಡೆಯ ಒಬ್ಬ ಹೆಂಗಸು. ಅವಳ ಕೈಯಲ್ಲಿ ಔಷಧದ ಚೀಟಿಯಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಪತ್ರಿ…” ಎಂದು ಅಪ್ಪಣ್ಣ ಆರಂಭಿಸಿದ.

“ನನ್ನ ಮಗಳು ದವಾಖಾನಿ ಒಳಗ ಅದಾಳ್ರಿ, ಗಾಜಿನ ಆಚೀಕಡೆ,” ಎಂದಳು ಅವಳು. “ನನ್ನ ಒಳಗ ಬಿಡವಲ್ರು.”

ಅಪ್ಪಣ್ಣನ ಕೈಗಳು ಚಾಚಿದಲ್ಲೇ ಇದ್ದವು. ಮಂಚದಿಂದ ನೀಲಗಂಗವ್ವನ ದನಿ ಬಂತು.

“ಕೊಡೋ.”

ಹೆಂಗಸು ಎಲೆಯನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ಹೋದಳು. ಗಿಡದಲ್ಲಿ ಮುಳ್ಳುಗಳಷ್ಟೇ ಉಳಿದವು. ಛಾಯಾ ನುಚ್ಚು ಮಾಡಿ ತಂದರೆ ಮುದುಕಿ ತುಟಿ ಬಿಗಿದು ಗೋಡೆಯ ಕಡೆ ಹೊರಳಿದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಇನ್ನಾದರೂ ಜನ ಬರುವುದು ನಿಲ್ಲುತ್ತದೆ ಎಂದು ಅಪ್ಪಣ್ಣ ಅಂದುಕೊಂಡ. ಜನ ಇಮ್ಮಡಿಯಾದರು. “ಅವ್ವ ಅನ್ನ ಬಿಟ್ಟಾಳ!” ಎಂದು ಮಾಣಿಕಬಾಯಿ ಕಟ್ಟೆಯಿಂದ ಸುದ್ದಿ ಹೊರಡಿಸಿದ್ದಳು. ಪತ್ರೆಯಿಲ್ಲದ್ದರಿಂದ ಅನ್ನ ನಿಂತಿತು ಎಂದು ಯಾರೂ ಕೂಡಿಸಿ ನೋಡಲಿಲ್ಲ. ಅವ್ವ ಅನ್ನ ಬಿಡುವುದು ಮೊದಲೇ ಗೊತ್ತಿದ್ದರಿಂದ ಗಿಡ ತಾನಾಗಿ ಎಲೆ ಉದುರಿಸಿತು ಎಂದರು. ಚೌಕದಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿದ್ದ ಒಬ್ಬರ ಮುಖ ಅದರಲ್ಲಿ ದೊಡ್ಡದಾಗಿತ್ತು, ನೀಲಗಂಗವ್ವನ ಮುಖ ಚಿಕ್ಕದಾಗಿತ್ತು. ಕೆಳಗೆ “ಅನ್ನತ್ಯಾಗಿ ಶರಣಿಗೆ ಕೋಟಿ ನಮನ” ಎಂದು ಬರೆದು, ಲಿಂಗೈಕ್ಯದ ತಾರೀಖಿಗೆ ಜಾಗ ಖಾಲಿ ಬಿಟ್ಟಿದ್ದರು. ಮುದ್ರಣದವನು ಮುಂದಾಲೋಚನೆಯ ಮನುಷ್ಯ.

ಅಪ್ಪಣ್ಣ ಆ ಫ್ಲೆಕ್ಸಿನ ಕೆಳಗೆ ಬಹಳ ಹೊತ್ತು ನಿಂತು ಮನೆಗೆ ಬಂದ. ಅಂದು ಶ್ರಾವಣ ಸೋಮವಾರ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಚಯ್ಯನವರು ಮಂಚದ ಪಕ್ಕದಲ್ಲಿದ್ದರು. ಅವರ ಜೊತೆ ಕಲ್ಲು ಕಟ್ಟುವ ಒಬ್ಬ ಗೌಂಡಿಯಿದ್ದ. ಲಿಂಗಾಯತರನ್ನು ಕೂಡಿಸಿ ಮಣ್ಣುಕೊಡುವುದರಿಂದ ಕುಳಿತ ಎತ್ತರಕ್ಕೆ ಸರಿಯಾಗಿ ಕುಣಿ ತೋಡಬೇಕು. ಶರಣಿಯ ಸಮಾಧಿ ಕಲ್ಲಿನದಾಗಲಿ ಎಂದು ಪೇಟೆಯವರು ನಿರ್ಧರಿಸಿದ್ದರು. ಕಲ್ಲಿನ ಕೆಲಸಕ್ಕೆ ಅಳತೆ ಮುಂಚೆಯೇ ಬೇಕಾಗುತ್ತದೆ. ಇಬ್ಬರು ಹೆಂಗಸರು ನೀಲಗಂಗವ್ವನನ್ನು ಎತ್ತಿ ಗೋಡೆಗೊರಗಿಸಿದ್ದರು. ಗೌಂಡಿ ಅಪ್ಪಣ್ಣನ ಅಂಗಡಿಯದೇ ಹಗ್ಗದ ಒಂದು ತುದಿಯನ್ನು ಅವಳ ನೆತ್ತಿಗೆ ಹಿಡಿದು, ಇನ್ನೊಂದನ್ನು ಹಾಸಿಗೆಗೆ ಮುಟ್ಟಿಸಿದ.

“ಎರಡ ಮೊಳ ಸಾಕು, ಸ್ವಾಮಿ,” ಎಂದ. “ಮುದುಕಿ ಭಾಳ ಕುಗ್ಯಾಳ.”

ನೀಲಗಂಗವ್ವ ಕಣ್ಣು ತೆರೆದಳು. ನೆತ್ತಿಯ ಮೇಲಿನ ಹಗ್ಗವನ್ನು ನೋಡಿದಳು, ಗೌಂಡಿಯನ್ನು ನೋಡಿದಳು.

“ಹಸಿವಾಗೇತಿ,” ಎಂದಳು.

ಗೌಂಡಿ ಹಗ್ಗ ಬಿಟ್ಟ.

“ಅವ್ವ ಪರೀಕ್ಷಾ ಮಾಡಾಕತ್ಯಾಳ!” ಎಂದು ಹಿಂದಿನಿಂದ ಮಾಣಿಕಬಾಯಿ ಕೂಗಿದಳು.

“ಶಾಂತ ಇರ್ರಿ,” ಎಂದು ರಾಚಯ್ಯನವರು ಕೈಯೆತ್ತಿದರು. “ಇದು ದೇಹದ ಮಾತು. ಅವ್ವನ ಮಾತಲ್ಲ. ಯವ್ವಾ, ಪತ್ರಿಯಿಲ್ಲ. ನೇಮ ಐತಿ.”

“ನೇಮ ನಂದು,” ಎಂದಳು ನೀಲಗಂಗವ್ವ. “ಬಿಟ್ಟೇನಿ. ಅನ್ನ ತರ್ರಿ.”

“ಹಂಗ ಬಿಡಾಕ ಬರೂದಿಲ್ಲವ್ವ,” ಎಂದಳು ಮಾಣಿಕಬಾಯಿ, ಪ್ರೀತಿಯಿಂದಲೇ. “ಚೌಕಿನ್ಯಾಗ ಬೋರ್ಡ್ ಹಚ್ಯಾರ. ದೂರದಿಂದ ಮಂದಿ ಬಂದಾರ. ಇನ್ನೊಂದ್ ಸ್ವಲ್ಪ ತಡಕೋ.”

ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಎಲ್ಲರೂ ಕೈಮುಗಿದಿದ್ದರು, ಯಾರೂ ಅಲುಗಾಡಲಿಲ್ಲ. ಕಡೆಗೆ ಅವಳ ಕಣ್ಣು ಬಾಗಿಲಲ್ಲಿದ್ದ ಮಗನ ಮೇಲೆ ನಿಂತಿತು.

ಅಪ್ಪಣ್ಣ ಅಡುಗೆಮನೆಗೆ ಹೋದ. ಛಾಯಾ ನುಚ್ಚಿಗೆ ಮಜ್ಜಿಗೆ ಬೆರೆಸಿಟ್ಟು ಬಟ್ಟಲು ಹಿಡಿದು ನಿಂತೇ ಇದ್ದಳು. ಅವನು ಬಟ್ಟಲು ತೆಗೆದುಕೊಂಡು ಬಂದಾಗ ನಾಲ್ಕು ಮಂದಿ ಗಂಡಸರು ಅಡ್ಡ ನಿಂತರು.

“ಅಪ್ಪಣ್ಣಾವ್ರ, ಪಾಪ ಕಟ್ಟಿಕೋಬ್ಯಾಡ್ರಿ,” ಎಂದ ಒಬ್ಬ.

“ಹೆತ್ತವ್ವನ ನೇಮ ಮುರೀತಿಯೇನೋ?” ಎಂದರು ರಾಚಯ್ಯನವರು. “ಬಟ್ಟಲಾ ಒಳಗ ಇಡು.”

ಅಪ್ಪಣ್ಣ ಬಟ್ಟಲನ್ನು ಎಡಗೈಗೆ ತೆಗೆದುಕೊಂಡ. ಬಲಗೈಯಿಂದ ಗೋಡೆಯ ಬಟನ್ ಒತ್ತಿದ.

ಹಗಲು ಹನ್ನೆರಡು ಗಂಟೆಗೆ ಆ ಕೋಣೆಯಲ್ಲಿ ಎಂಥ ಕತ್ತಲೆಯಿರುತ್ತದೆ ಎಂಬುದನ್ನು ಜನ ಆಗ ಮೊದಲ ಸಲ ಕಂಡರು. ಯಾರೋ ಯಾರದೋ ಕಾಲು ತುಳಿದರು. “ಲೈಟ್ ಆರ್ತು! ಅವ್ವ ಹೋದ್ಲು!” ಎಂದು ಒಬ್ಬಳು ಚೀರಿ ಅಳತೊಡಗಿದಳು. ಆ ಗದ್ದಲದಲ್ಲಿ ಅಪ್ಪಣ್ಣ ಗೋಡೆ ಹಿಡಿದುಕೊಂಡು ಮಂಚದವರೆಗೆ ನಡೆದ. ಮಂಚ ತಡಕಿ ತಾಯಿಯ ಗಲ್ಲ ಹುಡುಕಿದ.

ಅಳುತ್ತಿದ್ದವಳು ಉಸಿರೆಳೆದುಕೊಳ್ಳಲು ನಿಂತಾಗ ಆ ಸದ್ದು ಎಲ್ಲರಿಗೂ ಕೇಳಿಸಿತು. ಹಲ್ಲಿಲ್ಲದ ಬಾಯಿ ಅನ್ನವನ್ನು ಆಚೀಚೆ ತಿರುಗಿಸುವ ಸದ್ದು. ನುಂಗಿದ ಸದ್ದು. ಬೆರಳು ಮತ್ತೆ ಬಟ್ಟಲಿನ ಅಂಚಿಗೆ ತಾಗಿದ ಸದ್ದು. ಒಬ್ಬ ಮುದುಕಿ ಉಣ್ಣುವುದನ್ನು ಕತ್ತಲಲ್ಲಿ ನಿಂತು ಕೇಳುವುದು ಬಹಳ ಕಷ್ಟದ ಕೆಲಸ. ಮೊದಲು ಗೌಂಡಿ ಹೋದ. ಆಮೇಲೆ ಒಬ್ಬೊಬ್ಬರಾಗಿ, ಚಪ್ಪಲಿ ಹುಡುಕುತ್ತ, ಉಳಿದವರು.

“ಹೋದ್ರೇನೋ?” ಎಂದಳು ನೀಲಗಂಗವ್ವ.

“ಹೋದ್ರಬೇ.”

“ಇನ್ನೊಂದ್ ತುತ್ತ ಹಾಕು.”

ಆಮೇಲೆ ಯಾರೂ ಬರಲಿಲ್ಲ. ಹಗ್ಗ ಕೊಳ್ಳಲೂ ಬರಲಿಲ್ಲ. ಮಾಣಿಕಬಾಯಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರತೊಡಗಿದಳು. ಚೌಕದ ಫ್ಲೆಕ್ಸಿನಲ್ಲಿ ಚಿಕ್ಕ ಮುಖದ ಮೇಲೆ ಬೇರೊಬ್ಬರ ಹುಟ್ಟುಹಬ್ಬದ ಕಾಗದ ಅಂಟಿತು. ದೊಡ್ಡ ಮುಖ ಹಾಗೆಯೇ ಉಳಿಯಿತು. ಅಪ್ಪಣ್ಣ ಕುಂಡದಲ್ಲಿ ಎರಡು ಬಿದಿರಿನ ಗಳ ಊರಿ ಲೈಟನ್ನು ಗಿಡದ ನೆತ್ತಿಯ ಮೇಲೆ ಕಟ್ಟಿದ. ಗಿಡ ನೆಟ್ಟಗೆ ಚಿಗುರಿತು. ಅದನ್ನು ನೋಡಲು ಯಾರಿಗೂ ಆಸಕ್ತಿಯಿರಲಿಲ್ಲ. ನೀಲಗಂಗವ್ವ ಪತ್ರೆ ಇದ್ದ ದಿನ ಏರಿಸಿ ಉಂಡಳು, ಇಲ್ಲದ ದಿನ ಏರಿಸದೆ ಉಂಡಳು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಅವಳು ಉಂಡು, ಬಾಯಿ ತೊಳೆದುಕೊಂಡು, ಮಲಗಿದವಳು ಏಳಲಿಲ್ಲ.

ಮಣ್ಣಿಗೆ ಬಂದ ಮಂದಿ ಕಡಿಮೆ. ಕಲ್ಲಿನ ಸಮಾಧಿಯ ಮಾತನ್ನು ಯಾರೂ ಎತ್ತಲಿಲ್ಲ. ಅವಳನ್ನು ಕುಣಿಯಲ್ಲಿ ಕೂಡಿಸಿ ಅಪ್ಪಣ್ಣ ಮೇಲೆ ಬರುವಾಗ, ಹೆಂಗಸರ ಗುಂಪಿನಿಂದ ಮಾಣಿಕಬಾಯಿಯ ಮಾತು ಅವನಿಗೆ ಕೇಳಲೆಂದೇ ಬಂತು.

“ನೇಮದಾಗ ಇದ್ದಿದ್ರ ನೂರು ವರ್ಷ ಬಾಳತಿದ್ಲು. ತಿನಿಸಿ ಕೊಂದ.”

ರಾಚಯ್ಯನವರು ವಿಭೂತಿ ತಟ್ಟೆ ಹಿಡಿದು ಅಪ್ಪಣ್ಣನ ಹತ್ತಿರ ಬಂದು ದನಿ ತಗ್ಗಿಸಿದರು.

“ಕಡೀ ದಿನ ಏನ್ ಹಾಕಿದಿ?”

“ನುಚ್ಚು, ಮಜ್ಜಿಗಿ.”

“ಎಷ್ಟು?”

ಅಪ್ಪಣ್ಣ ಕೈಗೆ ಹತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ.

“ಅಕಿ ಸಾಕು ಅನ್ನೂತನಕ,” ಎಂದ.